ಅತ್ತಿಗೆಯ ಎಡಗೈ

ನಮ್ಮ ಅತ್ತಿಗೆ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಊಟಕ್ಕೆ ಕೂತರೂ ಒಂದು ತುತ್ತು ಬಾಯಿಗಿಟ್ಟುಕೊಂಡು ಎದ್ದುಹೋಗಿ, ಕಂಪ್ರೆಸರ್ ಆರಿಸಿದೆನೋ ಇಲ್ಲವೋ ಎಂದು ನೋಡಿ ಬರುತ್ತಾಳೆ. ಮನೆಯ ಮುಂಗೋಣೆಯೇ ನಮ್ಮ ಪಂಕ್ಚರ್ ಅಂಗಡಿ. ಚಕ್ರ ಬಿಚ್ಚುವುದು, ತೊಡಿಸುವುದು ನನ್ನ ಕೆಲಸ. ತೂತು ಹುಡುಕಿ ಮುಚ್ಚುವುದು ಅವಳದು. ಎಡಗೈಯವಳಾದ್ದರಿಂದ ಬೀದಿಗೆಲ್ಲ ಅವಳು ‘ಎಡಚಿ’. ‘ಎಡಚಿಯ ಕೈಗುಣ ಚೆನ್ನಾಗಿದೆ, ಅವಳು ಮುಟ್ಟಿದ ಟೈರು ಮತ್ತೆ ಗಾಳಿ ಬಿಟ್ಟು ಕೂರಲ್ಲ’ ಎಂದೂ ಜನ ಅನ್ನುತ್ತಾರೆ. ಆ ಎರಡನೆಯ ಮಾತಿಗಾಗಿ ಮೊದಲನೆಯದನ್ನು ಅವಳು ನುಂಗಿಕೊಂಡಿದ್ದಾಳೆ.

ಆ ವಾರ ಮಾತ್ರ ಕೈಗುಣದ ಗ್ರಹಚಾರ ನೆಟ್ಟಗಿರಲಿಲ್ಲ. ಅಣ್ಣನ ಜೀಪಿನ ಹಿಂದಿನ ಎಡಚಕ್ರ ಗಾಳಿ ಬಿಡುತ್ತಿತ್ತು. ಬುಸ್ಸೆಂದು ಬಿಟ್ಟಿದ್ದರೆ ಅದಕ್ಕೊಂದು ಗತಿ ಕಾಣಿಸಬಹುದಿತ್ತು. ಇದು ಜಿಪುಣ ದಾನ ಕೊಟ್ಟ ಹಾಗೆ, ಚೂರು ಚೂರೇ. ಸಂಜೆ ಕಲ್ಲಿನಂತಿದ್ದ ಟೈರು ಬೆಳಿಗ್ಗೆ ಹೊಟ್ಟೆ ಬಿಟ್ಟುಕೊಂಡು ಕೂತಿರುತ್ತಿತ್ತು. ಅತ್ತಿಗೆ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಪ್ಯಾಚು ಹಾಕುವಳು. ಮಾರನೆಯ ದಿನ ಅದರ ಪಕ್ಕದಲ್ಲೇ ಇನ್ನೊಂದು ಸೂಜಿತೂತು. ಟೈರಿನೊಳಗೆ ಮುಳ್ಳೋ ತಂತಿಯೋ ಉಳಿದುಕೊಂಡು ಚುಚ್ಚುತ್ತಿದೆ ಎಂಬುದು ಯಾರಿಗಾದರೂ ತಿಳಿಯುವ ಮಾತು. ಒಳಮೈಯನ್ನು ಅವಳು ಸುತ್ತಲೂ ಎಡಗೈಯಿಂದ ಸವರಿ ಸವರಿ ನೋಡಿದಳು. ಏನೂ ಸಿಗಲಿಲ್ಲ. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಅನ್ನುತ್ತಾರಲ್ಲ, ನಮ್ಮ ಪಾಲಿಗೆ ಅದು ಗಾದೆಯಾಗಿ ಉಳಿಯಲಿಲ್ಲ.

ಬೇರೆ ಯಾರ ಚಕ್ರವಾಗಿದ್ದರೂ ಅವಳು ಇಷ್ಟು ಒದ್ದಾಡುತ್ತಿರಲಿಲ್ಲವೇನೋ. ಅಣ್ಣ ಆ ಜೀಪಿನಲ್ಲಿ ಗುಡ್ಡದ ಮೇಲಿನ ಟವರ್ ರಿಪೇರಿಯವರನ್ನು ದಿನಾ ಹತ್ತಿಸಿ ಇಳಿಸುತ್ತಾನೆ. ಅಲ್ಲಿ ರಸ್ತೆ ಎನ್ನುವುದು ಮರ್ಯಾದೆಗೆ. ಇರುವುದು ಬರೀ ಕಲ್ಲು. ಮಧ್ಯದಲ್ಲೊಂದು ಓರೆ ತಿರುವು. ಜೀಪು ಎಡಕ್ಕೆ ವಾಲಿಕೊಂಡೇ ಅದನ್ನು ದಾಟಬೇಕು, ಎಡಕ್ಕೆ ಪ್ರಪಾತ. ಅಲ್ಲಿ ಆ ಚಕ್ರ ಮೆತ್ತಗಾದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಆಮೇಲಿನದನ್ನು ನಾನು ಹೇಳುವುದಿಲ್ಲ. ಸ್ಟೆಪ್ನಿ ಇದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದು ಹಿಂದಿನ ವಾರವೇ ಕಲ್ಲಿಗೆ ಸೀಳಿಹೋಗಿತ್ತು, ಹೊಸದು ಬಂದಿರಲಿಲ್ಲ.

ಆ ದಿನವೂ ಅಣ್ಣ ಹೊಸ ಪ್ಯಾಚು ಹಾಕಿಸಿ, ಗಾಳಿ ತುಂಬಿಸಿಕೊಂಡು ಹೊರಟ.

“ಇವತ್ತೊಂದಿನ ಬಿಡ್ರೀ,” ಅಂದಳು ಅತ್ತಿಗೆ.

“ಅವ್ರು ಕಾಯ್ತಿರ್ತಾರೆ ಕಣೇ. ನಿನ್ನೆ ಇಡೀ ದಿನ ಟೈರು ಚೆನ್ನಾಗೇ ಇತ್ತು.”

“ನಿಜ ಹೇಳಿ.”

“ನಿನ್ನಾಣೆ.”

“ನನ್ನಾಣೆ ಹಾಕ್ತೀರಲ್ಲ, ಸುಳ್ಳಾದ್ರೆ ಸಾಯೋಳು ನಾನು ತಾನೆ! ನಿಮಗೇನು?”

ಅಣ್ಣ ನಕ್ಕು ಗೇರು ಹಾಕಿದ.

ಅವನು ಹೋದಮೇಲೆ ಅತ್ತಿಗೆ ಅಂಗಡಿಯೊಳಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದಳು. ತೊಟ್ಟಿಯ ನೀರು ಚೆಲ್ಲಿ ಹೊಸ ನೀರು ತುಂಬಿದಳು. ಜೋಡಿಸಿಟ್ಟ ಪಾನಾಗಳನ್ನು ಕೆಡವಿ ಮತ್ತೆ ಜೋಡಿಸಿದಳು. “ಒಂದು ಗಳಿಗೆ ಕೂತ್ಕೊಳ್ಳಿ ಅತ್ತಿಗೆ, ನೋಡ್ತಾ ನೋಡ್ತಾ ನಂಗೇ ಕಾಲು ನೋಯ್ತಿದೆ,” ಅಂದೆ. ನನ್ನನ್ನು ದುರುಗುಟ್ಟಿ ನೋಡಿ, ಬರಿಗೈಯಲ್ಲೇ ಕೆಲಸದ ಹಲಗೆಯ ಧೂಳು ಒರೆಸತೊಡಗಿದಳು. ಅತ್ತ ಒಮ್ಮೆ, ಇತ್ತ ಒಮ್ಮೆ. ತಟ್ಟನೆ “ಹಾ” ಎಂದು ಕೈ ಎಳೆದುಕೊಂಡಳು. ಅಂಗೈಗೆ ಸಿಬಿರು ಹೊಕ್ಕಿತ್ತು.

ಅವಳು ಅಂಗೈ ನೋಡಲಿಲ್ಲ, ಹಲಗೆ ನೋಡಿದಳು.

“ಬಾರೋ ಇಲ್ಲಿ. ಈ ಕಡೆಯಿಂದ ಆ ಕಡೆ ಸವರು. ಚುಚ್ತಾ?”

“ಇಲ್ಲ.”

“ಈಗ ಆ ಕಡೆಯಿಂದ ಈ ಕಡೆ.”

ಚುಚ್ಚಿತು. ನಾನು ಕೈ ಕೊಡವಿದೆ.

“ನಾನು ಟೈರನ್ನ ಒಂದೇ ಕಡೆಗೆ ಸವರ್ತಾ ಬಂದಿದೀನಿ ಕಣೋ! ಎಡಗೈಗೆ ಸಲೀಸಾಗಿ ಬರೋದೇ ಆ ಕಡೆ. ತಂತಿ ತುದಿನೂ ಅದೇ ಕಡೆ ಮಲಗಿರ್ಬೇಕು, ಅದಕ್ಕೇ ಕೈಗೆ ಸಿಕ್ಕಿಲ್ಲ.”

ಎಡಚಿಗೆ ಮಾತ್ರ ಆಗಬಹುದಾದ ತಪ್ಪು. ಬಲಗೈಯವನಾದ ನಾನು ಒಂದು ಸಲ ಕೈ ಹಾಕಿದ್ದರೂ ಸಿಕ್ಕಿಬಿಡುತ್ತಿತ್ತು. ಆದರೆ ಅವಳ ಕೆಲಸಕ್ಕೆ ಕೈ ಹಾಕುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿದೆ?

ಅಣ್ಣನಿಗೆ ಫೋನು ಹೋಗಲಿಲ್ಲ. ಹೋಗುವುದಾದರೂ ಹೇಗೆ, ಟವರು ಕೆಟ್ಟಿದ್ದಕ್ಕೇ ಅಲ್ಲವೇ ಅವರು ಗುಡ್ಡ ಹತ್ತುತ್ತಿರುವುದು! ಸಾಮಾನಿನ ಚೀಲ ಮಡಿಲಲ್ಲಿಟ್ಟುಕೊಂಡು ಅತ್ತಿಗೆ ನನ್ನ ಸ್ಕೂಟರಿನ ಹಿಂದೆ ಕೂತಳು. ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಗುದ್ದು.

“ಇದೇನು ಸ್ಕೂಟರ್ರಾ, ಎಮ್ಮೆನಾ? ಓಡಿಸೋ!”

ಪ್ರತಿ ತಿರುವಿನಲ್ಲೂ ಕತ್ತು ಚಾಚಿ ಕೆಳಗೆ ಇಣುಕುತ್ತಿದ್ದಳು. ನನಗೂ ಹೆದರಿಕೆಯಾಗಿತ್ತು.

ಓರೆ ತಿರುವಿನ ಕೆಳಗೆ, ನೆಲ ಸ್ವಲ್ಪ ಮಟ್ಟವಿದ್ದ ಕಡೆ ಜೀಪು ನಿಂತಿತ್ತು. ಕೆಲಸದವರು ಕೆಳಗಿಳಿದು, ಸಾಮಾನು ಹೆಗಲಿಗೇರಿಸಿಕೊಂಡು ಗುಡ್ಡದ ಬದಿ ಹಿಡಿದು ನಡೆಯುತ್ತಿದ್ದರು. ಅಣ್ಣನೊಬ್ಬನೇ ಸ್ಟೀರಿಂಗ್ ಹಿಡಿದು ಕೂತಿದ್ದ. ಅತ್ತಿಗೆ ಓಡಿಹೋಗಿ ಜೀಪಿಗೆ ಅಡ್ಡ ನಿಂತಳು.

“ಗಾಬರಿ ಆಗ್ಬೇಡಮ್ಮ,” ಅಂದ ವಯಸ್ಸಾದ ವೆಲ್ಡರ್. “ಈ ವಾರ ದಿನಾ ಹಿಂಗೇ. ಇಲ್ಲಿಗೆ ಬರೋಷ್ಟರಲ್ಲಿ ಚಕ್ರ ಮೆತ್ತಗಾಗಿರುತ್ತೆ. ನಮ್ಮನ್ನ ಇಳ್ಸಿ, ಕಾಲುಪಂಪಲ್ಲಿ ಗಾಳಿ ಹೊಡ್ದು, ಇವ್ರೊಬ್ರೇ ದಾಟಿಸ್ತಾರೆ. ಸಂಜೆ ಊರು ಮುಟ್ಟೋ ಮೊದ್ಲು ಇನ್ನೊಂದ್ಸಲ ಹೊಡೀತಾರೆ.”

ಅತ್ತಿಗೆ ಅಣ್ಣನತ್ತ ತಿರುಗಿದಳು. “ಚೆನ್ನಾಗೇ ಇತ್ತು ಅಂದ್ರಿ.”

ಅಣ್ಣ ಸ್ಟೀರಿಂಗ್ ನೋಡುತ್ತಲೇ ಹೇಳಿದ: “ಊರೆಲ್ಲ ನಿನ್ನ ಕೈಗುಣ ಹೊಗಳತ್ತೆ. ಅದು ಕೆಟ್ಟಿದೆ ಅಂತ ನಾನೇ ಹೇಳ್ಲಾ?”

“ನನ್ನ ಕೈಗುಣ ಉಳಿಸೋಕೆ ನೀವು ಹೋಗಿ ಬೀಳೋರಾ? ಬೆಂಕಿ ಹಾಕ ಅದಕ್ಕೆ!”

ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣು ಒಂದೇ ಸಮ ಸುರಿಯುತ್ತಿತ್ತು, ಬಾಯಿ ಒಂದೇ ಸಮ ಬೈಯುತ್ತಿತ್ತು, ಕೈ ಅಷ್ಟರಲ್ಲೇ ಚೀಲ ಬಿಚ್ಚುತ್ತಿತ್ತು. ಇಂಥ ಪೆದ್ದು ಪ್ರೀತಿಯ ಅಣ್ಣನ ಮೇಲೆ ನನಗೂ ರೇಗಿತು.

ಚಕ್ರ ಕಳಚಿ ಟ್ಯೂಬು ಎಳೆದೆ. ಅತ್ತಿಗೆ ಮಂಡಿಯೂರಿ, ಮೊಣಕೈ ಸೊಟ್ಟ ಮಾಡಿಕೊಂಡು, ಟೈರಿನ ಒಳಮೈಯನ್ನು ಈ ಸಲ ಹಿಮ್ಮುಖವಾಗಿ ಸವರಿದಳು. ಅರ್ಧ ಸುತ್ತೂ ಆಗಿರಲಿಲ್ಲ, ಬೆರಳಿಗೆ ಚುಚ್ಚಿತು. ರಕ್ತ ಬಂದ ಜಾಗಕ್ಕೇ ಇಕ್ಕಳ ಇಟ್ಟು ಎಳೆದಳು. ರೆಪ್ಪೆಗೂದಲಿನಷ್ಟು ಸಣ್ಣ ತಂತಿಚೂರು! ಅದನ್ನು ಪ್ರಪಾತಕ್ಕೆ ಎಸೆದು, ಮತ್ತೆ ಎರಡೂ ಕಡೆಯಿಂದ ಸವರಿ ನೋಡಿದಳು. ಪ್ಯಾಚು ಬಿತ್ತು, ಚಕ್ರ ತೊಡಿಸಿದೆ, ವೆಲ್ಡರ್ ಗಾಳಿ ಹೊಡೆದ.

ಕೆಲಸದವರು ಅಭ್ಯಾಸಬಲದಿಂದ ಮತ್ತೆ ನಡೆಯತೊಡಗಿದರು.

“ನೀನೂ ನಡ್ಕೊಂಡ್ ಬಾ,” ಅಂದ ಅಣ್ಣ.

ಅತ್ತಿಗೆ ಜೀಪು ಹತ್ತಿ ಅವನ ಎಡಕ್ಕೆ, ಪ್ರಪಾತದ ಕಡೆಯ ಸೀಟಿನಲ್ಲಿ ಕೂತಳು. “ಪ್ಯಾಚು ಹಾಕಿದೋಳು ನಾನು. ಇಳಿಯಲ್ಲ. ನಡೀರಿ.”

ಅಣ್ಣ ಅವಳ ಮುಖ ನೋಡಿದ, ಗೇರು ಹಾಕಿದ. ಜೀಪು ಮೆಲ್ಲಗೆ ಎಡಕ್ಕೆ ವಾಲಿತು. ನಾನು ಹಿಂದೆ ಹಿಂದೆ ನಡೆಯುತ್ತ ಆ ಚಕ್ರದ ಮೇಲೇ ಕಣ್ಣು ನೆಟ್ಟಿದ್ದೆ. ಕಲ್ಲಿನ ಮೇಲೆ ಹತ್ತಿತು, ಇಳಿಯಿತು, ಹೊಟ್ಟೆ ಬಿಡಲಿಲ್ಲ. ಆಮೇಲೆ ತಲೆಯೆತ್ತಿ ನೋಡಿದೆ. ಊಟಕ್ಕೂ ನೆಟ್ಟಗೆ ಕೂರದ ನಮ್ಮ ಅತ್ತಿಗೆ, ರಕ್ತ ಒಸರುತ್ತಿದ್ದ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ತಿರುವು ಮುಗಿಯುವವರೆಗೂ ಅಲುಗಾಡದೆ ಕೂತಿದ್ದಳು.