ಎಡಗಡೆಯಿಂದ ಬಂದವರು

ನಮ್ಮ ಮಾವನವರು ತಮ್ಮ ನೆರಳನ್ನೂ ಪೂರ್ತಿ ನಂಬುವವರಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಪಕ್ಕದ ಮನೆಯವರು ನಮ್ಮ ಪೇಪರನ್ನು ಮೊದಲು ತಾವು ಓದಿ ಆಮೇಲೆ ಇಲ್ಲಿಗೆ ಎಸೆಯುತ್ತಾರೆ, ಸೊಸೆ, ಅಂದರೆ ನಾನು, ಅವರ ಕನ್ನಡಕವನ್ನು ಬೇಕೆಂದೇ ಜಾಗ ಬದಲಾಯಿಸುತ್ತೇನೆ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ವಾದಕ್ಕಿಳಿದರೆ ನಮಗೇ ತಲೆನೋವು.

ಊರಿನವರಿಗೆ ಅವರು ಮೇಷ್ಟ್ರು. ಕಲಿಸುವುದು ಕಾರು ಓಡಿಸುವುದನ್ನು. ಕಾಂಪೌಂಡಿನಲ್ಲಿ ನಿಂತಿರುವ ಹಳೆಯ ಕಾರೇ ಅವರ ಶಾಲೆ. ಅದರ ಎಡಗಡೆಯ ಸೀಟಿನ ಮುಂದೆಯೂ ಒಂದು ಬ್ರೇಕಿದೆ. ಕಲಿಯುವವರು ಸ್ಟೀರಿಂಗ್ ಹಿಡಿದರೆ ಇವರು ಆ ಬ್ರೇಕಿನ ಮೇಲೆ ಕಾಲಿಟ್ಟು ಬೈಯುತ್ತಾರೆ. "ರಸ್ತೇಲಿರೋರೆಲ್ಲ ನಿನ್ನ ಕಾರಿಗೆ ಬೀಳೋಕೇ ಬಂದಿದಾರೆ ಅಂದ್ಕೊಂಡು ಓಡಿಸು" ಎಂಬುದು ಮೊದಲ ಪಾಠ. ನಾನೂ ಬೈಸಿಕೊಂಡೇ ಕಲಿತವಳು. ಆದರೂ ಹೇಳುತ್ತೇನೆ, ಅವರಷ್ಟು ಚೆನ್ನಾಗಿ ಕಲಿಸುವವರು ಇನ್ನೊಬ್ಬರಿಲ್ಲ.

ಅಂಥವರಿಗೇ ದಂಡ ಬಿತ್ತು. ತಾವೇ ಓಡಿಸಿಕೊಂಡು ಹೋಗುವಾಗ ನಾಲ್ಕು ರಸ್ತೆ ಸೇರುವಲ್ಲಿ, ದಾರಿ ಬಿಡಬೇಕಾದ ಗಾಡಿಗೆ ಬಿಡದೆ ನುಗ್ಗಿದರಂತೆ. ಸ್ವಲ್ಪ ದಿನಕ್ಕೇ ಅದೇ ಜಾಗದಲ್ಲಿ ಅದೇ ತಪ್ಪಿಗೆ ಇನ್ನೊಂದು ಚೀಟಿ. ಮತ್ತೊಂದು ಬಿದ್ದರೆ ಕಲಿಸುವ ಪರವಾನಗಿಯೇ ರದ್ದು ಎಂದು ಸಾರಿಗೆ ಕಚೇರಿಯವರು ಎಚ್ಚರಿಸಿದರು. ಆ ಕಾರು ನಿಂತರೆ ಬೆಳಗ್ಗೆ ಎದ್ದು ಮಾಡಲು ಮಾವನವರಿಗೆ ಬೇರೆ ಕೆಲಸವಿಲ್ಲ. ಅತ್ತೆ ಊಟವನ್ನೇ ಅರ್ಧ ಬಿಡತೊಡಗಿದರು.

ಎರಡು ಸಲವೂ ಚೀಟಿ ಹರಿದವನು ಒಬ್ಬನೇ, ಆ ಸರ್ಕಲ್ಲಿನ ಉದ್ದನೆಯ ಪೇದೆ. ಅವನೂ ಮಾವನವರ ಶಿಷ್ಯನೇ. "ನಿನಗೆ ತಳ್ಳೋ ಗಾಡೀನೇ ಸರಿ" ಎಂದು ನಡುರಸ್ತೆಯಲ್ಲಿ ಬೈಸಿಕೊಂಡಿದ್ದ.

"ಗುರುವಿಗೇ ತಿರುಮಂತ್ರ ಹಾಕ್ತಿದಾನೆ. ಆ ಬೈಗುಳ ಮರೆತಿಲ್ಲ ಅವನು" ಎಂದರು ಮಾವ.

ಇದೂ ಪಕ್ಕದ ಮನೆಯವರ ಪೇಪರಿನ ಕಥೆಯಂತೆಯೇ ಎಂದುಕೊಂಡಿದ್ದೆ. ಆದರೆ ಒಂದು ಸಂಜೆ ಆ ಪೇದೆ ನಮ್ಮ ಗೇಟಿನ ಹತ್ತಿರ ನಿಂತು, ಕಾರನ್ನೇ ನೋಡಿ, "ಮೇಷ್ಟ್ರು ಆರಾಮಾಗಿದಾರಾ?" ಎಂದು ಅತ್ತೆಯನ್ನು ಕೇಳಿ, ಒಳಗೂ ಬಾರದೆ ಹೊರಟುಹೋದ. ಅವತ್ತು ನನಗೂ ಅನುಮಾನ ಹತ್ತಿತು. ಕೆಲಸವಿಲ್ಲದೆ ಪೊಲೀಸರು ಯಾರ ಮನೆಯ ಗೇಟಿಗೂ ಬರುವುದಿಲ್ಲ.

"ನಾಳೆ ನೀನು ಪಕ್ಕದಲ್ಲಿ ಕೂತ್ಕೋ. ಅವನ ಮೋಸಾನ ಕಣ್ಣಾರೆ ನೋಡು. ನಂಗೊಂದು ಸಾಕ್ಷಿ ಬೇಕು" ಎಂದರು ಮಾವ.

ಮರುದಿನ ಅವರು ಸ್ಟೀರಿಂಗ್ ಹಿಡಿದರು, ನಾನು ಎಡಗಡೆ ಕುಳಿತೆ. ಸರ್ಕಲ್ಲಿನಲ್ಲಿ ಪೇದೆ ನಮ್ಮನ್ನು ಕಂಡದ್ದೇ ನೆಟ್ಟಗೆ ನಿಂತ. ನಾನು ಅವನ ಮೇಲೆ ಹದ್ದಿನ ಕಣ್ಣಿಟ್ಟಿದ್ದೆ. ಮಾವ ನಿಧಾನ ಮಾಡಿ, ಎರಡೂ ಕಡೆ ನೋಡಿ, ಮುಂದೆ ಬಿಟ್ಟರು. ಎಡಗಡೆಯಿಂದ ಸೈಕಲ್ಲಿನಲ್ಲಿ ಒಬ್ಬ ಹೆಂಗಸು ನೇರ ನಮ್ಮೆದುರಿಗೇ ಬರುತ್ತಿದ್ದಳು. ನನಗೇ ತಿಳಿಯದಂತೆ ನನ್ನ ಕಾಲು ಬ್ರೇಕ್ ತುಳಿದಿತ್ತು.

"ಯಾಕಮ್ಮ ತುಳಿದೆ? ಯಾರೂ ಇರ್ಲಿಲ್ವಲ್ಲ" ಎಂದರು ಮಾವ. ಅಷ್ಟರಲ್ಲಿ ಸೈಕಲ್ಲು ಬಾನೆಟ್ಟಿನ ಮುಂದೆ ನಡುವಿಗೆ ಬಂತು. "ಇವಳು ಎಲ್ಲಿಂದ ಬಂದ್ಲು?"



ಪೇದೆ ಕಿಟಕಿಗೆ ಬಗ್ಗಿದ. ಕೈಯಲ್ಲಿ ಚೀಟಿ ಪುಸ್ತಕವಿರಲಿಲ್ಲ. "ಆ ಎರಡು ಸಲಾನೂ ಎಡಗಡೆಯಿಂದ ಬಂದೋರೇ, ಮೇಷ್ಟ್ರೇ. ಮನೆಗೆ ಬಂದಿದ್ದೂ ಅದನ್ನ ಹೇಳೋಕೇ. ಬಾಯಿ ಬರ್ಲಿಲ್ಲ."

ಮಾವ ಅವನನ್ನೂ ನನ್ನನ್ನೂ ನೋಡಿದರು. "ಇಬ್ಬರೂ ಮೊದಲೇ ಮಾತಾಡ್ಕೊಂಡಿದೀರಾ?" ಎಂದರು. ಅವರು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಗಾಜಿನಾಚೆ ನೇರ ದಿಟ್ಟಿಸಿದರು.

"ನಿನ್ನ ಕೈ ಎತ್ತು."

"ಎತ್ತಿದೀನಿ, ಮಾವ."

ಅವರು ಕಣ್ಣಿನಿಂದ ಅಂಗೈ ತೆಗೆದರು. ಆಮೇಲೆ ಇಳಿದು, ಕಾರನ್ನು ಹಿಡಿದುಕೊಂಡು ಸುತ್ತಿ ಬಂದು, ನನ್ನ ಬಾಗಿಲು ತೆರೆದು, ಆ ಕಡೆ ಹೋಗು ಎಂದು ಕೈ ಮಾಡಿದರು. ನನಗೆ ಅಳು ಬಂತು. ಅಳುವವರು ಓಡಿಸಬಾರದೆಂದು ಅವರೇ ಕಲಿಸಿದ್ದರು, ಕಣ್ಣೊರೆಸಿಕೊಂಡು ಹೊರಟೆ.

ಮುಂದಿನ ತಿರುವಿನಲ್ಲಿ ಅವರು ಮಡಿಲಲ್ಲಿ ಕೈಯಿಟ್ಟುಕೊಂಡೇ ಕೇಳಿದರು, "ಎಡಗಡೆ ಯಾರಾದ್ರೂ ಇದಾರೇನಮ್ಮ?"

"ಯಾರೂ ಇಲ್ಲ, ಮಾವ."

ಅವರು ತಿರುಗಿ ನೋಡಲಿಲ್ಲ. "ಹಾಗಾದ್ರೆ ನಡಿ" ಎಂದರು.