ಬುರುಡೆ ಬಲ್ಬುಗಳ ಬೀರು

ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಕೋಲಾರದ ಹೊರವಲಯದಲ್ಲಿರುವ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬ್. ಹಾಜರಿದ್ದವರು: ಮೊದಲ ವರ್ಷದ ಎ ಸೆಕ್ಷನ್, ಹೊಸದಾಗಿ ಸೇರಿದ ಮೇಡಂ, ಹಿಂದಿನ ಬೆಂಚಿನಲ್ಲಿ ನಾನು.

ಹಿಂದಿನ ಬೆಂಚು ನನ್ನ ಜಾಗವಲ್ಲ. ಸರ್ಕ್ಯೂಟ್ ಎಂದರೇನೆಂದು ಹೊಸಬರಿಗೆ ತೋರಿಸುವ ಮೊದಲ ತರಗತಿ ಈ ಕಾಲೇಜು ಶುರುವಾದಾಗಿನಿಂದ ನನ್ನದೇ ಆಗಿತ್ತು. ಈ ವರ್ಷ ಎಚ್‌ಒಡಿ ಅದನ್ನು ಮೇಡಂಗೆ ಕೊಟ್ಟರು. "ಹುಡುಗರಿಗೆ ಹೊಸ ಮುಖ ಬೇಕು ಸರ್. ನೀವು ಜೊತೇಲಿದ್ರೆ ಸಾಕು" ಎಂದರು. ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವನು ನಾನು. ಹೇಳಿದ ಜಾಗದಲ್ಲಿ ಕೂತೆ. ಹೊಟ್ಟೆಯುರಿಯನ್ನು ಮಾತ್ರ ಯಾವ ಗಂಟೆಯೂ ನಿಲ್ಲಿಸಲಿಲ್ಲ.

ಆ ತರಗತಿಯಲ್ಲಿ ನನಗೆ ಬೇಕಿದ್ದದ್ದು ಒಂದೇ ಕ್ಷಣ. ನಲವತ್ತು ವ್ಯಾಟಿನ ಬಲ್ಬು, ನೂರು ವ್ಯಾಟಿನ ಬಲ್ಬು, ಎರಡನ್ನೂ ಸೀರೀಸ್‌ನಲ್ಲಿ, ಅಂದರೆ ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಜೋಡಿಸಿ, ಯಾವುದು ಜೋರಾಗಿ ಉರಿಯುತ್ತದೆಂದು ಕೇಳಬೇಕು. ಎಲ್ಲರೂ ನೂರು ಎನ್ನುತ್ತಾರೆ. ಸ್ವಿಚ್ ಹಾಕಿದರೆ ಬೆಳಗುವುದು ನಲವತ್ತರದ್ದು. ಆಗ ಇಡೀ ತರಗತಿಯಿಂದ ಒಂದು "ಓ" ಹೊರಡುತ್ತದೆ. ಪ್ರತಿ ವರ್ಷ ಆ "ಓ" ನನ್ನದಾಗಿತ್ತು.

ಮೇಡಂ ಕೂಡ ಅದೇ ಪ್ರಯೋಗ ಇಟ್ಟುಕೊಂಡಿದ್ದರು. ತರಗತಿಗೆ ಮುಂಚೆ ಅವರ ಮೇಜು ನೋಡಿದೆ. ಒಂದು ಸಣ್ಣದು, ಒಂದು ದೊಡ್ಡದು, ಎರಡೂ ಎಲ್‌ಇಡಿ ಬಲ್ಬು. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಅವೇ. ಅವುಗಳ ಒಳಗೆ ಬೇರೆಯೇ ಸರ್ಕ್ಯೂಟ್ ಇರುತ್ತದೆ. ಈ ಪ್ರಯೋಗ ಅವುಗಳಿಂದ ನಡೆಯುವುದಿಲ್ಲ. ಬೇಕಾದದ್ದು ಒಳಗಿನ ತಂತಿ ಕಾದು ಉರಿಯುವ ಹಳೆಯ ಬುರುಡೆ ಬಲ್ಬು. ಅವು ಪೇಪರಿನಲ್ಲಿ ಸುತ್ತಿಸಿಕೊಂಡು ನನ್ನ ಬೀರುವಿನಲ್ಲಿದ್ದವು, ಕೀಲಿ ನನ್ನ ಜೇಬಿನಲ್ಲಿತ್ತು. ಕೀಲಿಯನ್ನು ಅಲ್ಲೇ ಬಿಟ್ಟೆ. ಸ್ಟೂಲುಗಳನ್ನು ಸಾಲಾಗಿ ಇಟ್ಟು, ಹೋಗಿ ಕೂತೆ.

"ದೊಡ್ಡ ಬಲ್ಬು ಜೋರಾಗಿ ಉರಿಯುತ್ತೆ ಅನ್ನೋರು ಕೈ ಎತ್ತಿ" ಎಂದರು ಮೇಡಂ. ಎಲ್ಲ ಕೈಗಳೂ ಎದ್ದವು. ಸ್ವಿಚ್ ಹಾಕಿದರು. ಒಂದು ಬಲ್ಬು ಮಿಣುಕಿ ಆರಿತು. ಇನ್ನೊಂದು ಕಣ್ಣು ಹೊಡೆಯತೊಡಗಿತು.

"ವೆಲಗಲೇದು ರಾ" ಎಂದ ಮುಳಬಾಗಿಲು ಕಡೆಯ ಹುಡುಗನೊಬ್ಬ, ಉರಿಯಲಿಲ್ಲವೆಂದು ತೆಲುಗಿನಲ್ಲಿ.

"ಏನ್ಲಾ, ನಿಮ್ಮೂರ ಕರೆಂಟ್ನ ಇಲ್ಲಿಗೂ ತಂದ್ಬಿಟ್ಯಾ?" ಎಂದ ಅವನ ಪಕ್ಕದವನು. ತರಗತಿ ನಕ್ಕಿತು.

ನಾನೂ ಒಳಗೊಳಗೇ ನಕ್ಕೆ. ಮೇಡಂ ಈಗ ಕಂಗಾಲಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. "ಮನೇಲಿ ಒಂದ್ಸಲ ಹಾಕಿ ನೋಡ್ಬೇಕಿತ್ತು. ನನ್ ತಪ್ಪು ಕಣ್ರೋ" ಎಂದು ಅವರೂ ನಕ್ಕರು. ಹುಡುಗರು ಸ್ಟೂಲು ಎಳೆದುಕೊಂಡು ಮೇಜಿಗೆ ಇನ್ನಷ್ಟು ಹತ್ತಿರ ಬಂದರು. ಅದು ಹೆಚ್ಚು ಚುಚ್ಚಿತು. ನಾನು ಎಡವಿದ್ದರೆ ಯಾರೂ ಹೀಗೆ ಹತ್ತಿರ ಬರುತ್ತಿರಲಿಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನ ಯಲ್ದೂರಿನ ಹುಡುಗಿ, ಪರಿಚಯ ಹೇಳುವಾಗ ಅಪ್ಪನದು ಮಾವಿನ ತೋಟ ಎಂದಿದ್ದವಳು, ಪೆನ್ನು ತೆಗೆದಳು. "ಸೀರೀಸ್‌ನಲ್ಲಿ ಬಲ್ಬು ಉರಿಯಲ್ಲ ಅಂತ ಬರ್ಕೊಳ್ಳಾ ಮೇಡಂ?"

ಅದನ್ನು ಕೇಳಿಕೊಂಡು ಸುಮ್ಮನಿರುವುದು ನನ್ನಿಂದಾಗಲಿಲ್ಲ. ಮೊದಲ ದಿನ ತಲೆಗೆ ಹೋದ ತಪ್ಪು ಡಿಗ್ರಿ ಮುಗಿದರೂ ಹೊರಗೆ ಬರುವುದಿಲ್ಲ. "ಬರೀಬೇಡಮ್ಮ, ತಾಳು" ಎಂದು ಎದ್ದು ಬೀರು ತೆಗೆದೆ. ಸ್ವಿಚ್ ಆರಿಸಿ, ಎಲ್‌ಇಡಿ ಬಿಚ್ಚಿ, ಬುರುಡೆ ಬಲ್ಬುಗಳನ್ನು ಹಾಕಿದೆ. ಬೆರಳು ಸ್ವಿಚ್ಚಿನ ಮೇಲೇ ಇತ್ತು. "ನೀವೇ ಹಾಕಿ ಸರ್" ಎನ್ನುತ್ತಾರೆಂದು ಕಾದೆ.

"ಹಾಕ್ಲಾ ಸರ್?" ಎಂದರು ಮೇಡಂ.

ಬೆರಳು ತೆಗೆದೆ. ಅವರು ಹಾಕಿದರು. ನಲವತ್ತರದ್ದು ಬೆಳಗಿತು. ನೂರರದ್ದರ ತಂತಿ ಬರೀ ಕೆಂಪಗಾಯಿತು. "ಓ" ಹೊರಟಿತು, ಎಲ್ಲರ ಕಣ್ಣೂ ಅವರ ಮೇಲಿತ್ತು.

"ಯಾಕೆ ಹಿಂಗೆ ಮೇಡಂ?" ಎಂದಳು ಅದೇ ಹುಡುಗಿ. ಈ ಪ್ರಶ್ನೆಗೆ ನಾನು ಇಷ್ಟು ವರ್ಷವೂ ಬೋರ್ಡಿನ ಮೇಲೆ ಸೂತ್ರ ಬರೆದಿದ್ದೇನೆ.

"ನಿಮ್ಮಪ್ಪ ಮಾವಿನಕಾಯಿ ಎಲ್ಲಿಗೆ ಹಾಕ್ತಾರೆ?" ಎಂದರು ಮೇಡಂ.

"ಶ್ರೀನಿವಾಸಪುರ ಮಂಡಿಗೆ."

"ಸೀಸನ್‌ನಲ್ಲಿ ರೋಡಲ್ಲಿ ಬರೋ ಗಾಡಿಗಳೇ ತಾನೇ ಮಂಡಿ ಗೇಟಲ್ಲೂ ನುಗ್ಗೋದು? ತಿಕ್ಕಾಟ, ಬಿಸಿ ಎಲ್ಲಿ ಜಾಸ್ತಿ?"

"ಗೇಟಲ್ಲಿ!" ಎಂದು ಇಡೀ ತರಗತಿ ಕೂಗಿತು.

"ನಲವತ್ತರ ಬಲ್ಬೇ ಆ ಗೇಟು. ಅದರ ತಂತಿ ಸಣ್ಣ. ಹೋಗೋ ಕರೆಂಟು ಎರಡರಲ್ಲೂ ಒಂದೇ."

ಮಾವಿನ ಕಾಲ ಬಂದರೆ ಆ ಗೇಟಿನ ಮುಂದೆ ನನ್ನ ಸ್ಕೂಟರ್ ಸಿಕ್ಕಿಕೊಳ್ಳದ ವರ್ಷವಿಲ್ಲ. ನನಗೆ ಯಾಕೆ ಹೊಳೆಯಲಿಲ್ಲ? ಮಧ್ಯಾಹ್ನದ ಊಟ ರುಚಿಸಲಿಲ್ಲ.

ಸಂಜೆ ಲ್ಯಾಬ್ ಮುಚ್ಚುವ ಹೊತ್ತಿಗೆ ಮೇಡಂ ಬಂದರು. "ಆ ಬಲ್ಬು ನನ್ ಟೇಬಲ್ಲಲ್ಲೇ ಇಟ್ಕೊಳ್ಲಾ ಸರ್? ನಾಳೆ ಬಿ ಸೆಕ್ಷನ್ ಇದೆ."

"ಬೇಡಮ್ಮ. ಅವು ಬೀರುವಿನಲ್ಲೇ ಇರಬೇಕು. ಒಂಬತ್ತಕ್ಕೆ ನಾನೇ ತಂದು ಜೋಡಿಸ್ತೀನಿ."

ಅವರು ನನ್ನ ಮುಖ ನೋಡಿ ಸ್ವಲ್ಪ ನಕ್ಕರು. "ಸ್ವಿಚ್ಚು ಯಾರು ಹಾಕೋದು ಸರ್?"

"ಅದನ್ನ ನಾಳೆ ನೋಡೋಣ."

ಅವರು ಹೋದ ಮೇಲೆ ಬಲ್ಬುಗಳನ್ನು ಪೇಪರಿನಲ್ಲಿ ಸುತ್ತಿಟ್ಟೆ. ಮೇನ್ ಸ್ವಿಚ್ ಆರಿಸಿ, ಬೀರುವಿಗೆ ಬೀಗ ಹಾಕಿ, ಎಳೆದು ನೋಡಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.