ಬತ್ತಿದ ಹಸುವಿನ ಬಡ್ಡಿ

ಮೈಸೂರಿನಲ್ಲಿ ಹಣಕಾಸು ಗಣಿತದ ಎಂ.ಎಸ್ಸಿ. ಮೊದಲ ವರ್ಷ ಓದುವಾಗ ನಾನು ಒಂದೇ ಒಂದು ಪೇಪರಿನಲ್ಲಿ ಡುಮ್ಕಿ ಹೊಡೆದೆ. ಅದು ಜಗತ್ತಿನ ಬಡ್ಡಿದರಗಳ ಪೇಪರು. ಕೆಲವು ದೇಶಗಳಲ್ಲಿ ಬಡ್ಡಿ ಸೊನ್ನೆಗಿಂತ ಕೆಳಗಿಳಿದಿತ್ತಂತೆ, ದುಡ್ಡು ಇಟ್ಟವರೇ ಬ್ಯಾಂಕಿಗೆ ಕೊಡಬೇಕಿತ್ತಂತೆ. ಸೂತ್ರವನ್ನು ಬಾಯಿಪಾಠ ಮಾಡಿದ್ದೆ, ನಂಬಿರಲಿಲ್ಲ. ನಂಬದ್ದನ್ನು ಬರೆಯಲು ಕೂತರೆ ನನಗೆ ಸಿಟ್ಟು ಬರುತ್ತದೆ. ಅದು ಹುಟ್ಟುಗುಣ.

ಅಪ್ಪನಿಗೆ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಅವನು ಬೈಯಲಿಲ್ಲ. "ಇನ್ನೊಂದ್ಸಲ ಬರಿಯವ್ವ. ಆಗ್ನಿಲ್ಲ ಅಂದ್ರೆ ನಮ್ಮ ಆಫೀಸ್ನಲ್ಲೇ ನಿಂಗೊಂದು ಕೆಲ್ಸ ಕೇಳಿವ್ನಿ" ಎಂದ. ಆ ಕೆಲಸಕ್ಕಾಗಿ ಸೂಪರ್‌ವೈಸರ್ ಹಿಂದೆ ಅವನು ಎಷ್ಟು ಅಲೆದಿದ್ದನೆಂದು ನನಗೆ ಗೊತ್ತಿತ್ತು. ಆಗಲಿ ಎಂದು ಒಪ್ಪಿಕೊಂಡೆ. ಆಮೇಲೆ ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ.

ಮರುಪರೀಕ್ಷೆಗೆ ವಾರವಿದ್ದಾಗ ನರಸೀಪುರದಲ್ಲಿ ಚಿಕ್ಕಮ್ಮನ ಮಗಳ ಮದುವೆ ಬಂತು. ಹೆಮ್ಮರಗಾಲದ ನಮ್ಮ ಮನೆಗೆ ಬೀಗ ಹಾಕಿ ಮೂರು ದಿನ ಎಲ್ಲರೂ ಹೊರಡಬೇಕು. ಹಸು ಗಬ್ಬವಾಗಿತ್ತು, ಹಾಲು ಬತ್ತಿತ್ತು. ಅವ್ವ ಅದನ್ನು ಎದುರುಮನೆಯವಳ ಕೊಟ್ಟಿಗೆಗೆ ಹೊಡೆದುಕೊಂಡು ಹೊರಟಳು. ಅವಳ ತಲೆಯ ಮೇಲೆ ಹುಲ್ಲಿನ ಹೊರೆ, ನನ್ನ ಕಂಕುಳಲ್ಲಿ ರಾಗಿ ಚೀಲ.

"ಹಸುನೂ ನಮ್ದು, ಹುಲ್ಲೂ ನಮ್ದು. ಮೇಲೆ ರಾಗಿ ಬೇರೆ ಯಾಕವ್ವ?" ಎಂದು ರೇಗಿದೆ.

"ಕರಿಯೋ ಅಸ ಬಿಟ್ರೆ ಅವ್ಳೇ ನಮ್ಗೆ ಅರ್ಧ ಆಲು ಕೊಡ್ತಾಳೆ ಕಣವ್ವ. ಬತ್ತಿರೋದ್ನ ಬಿಟ್ರೆ ನಾವೇ ಕೊಡ್ಬೇಕು. ಸಗಣಿ ಬಾಚೋಳ್ಗೆ ಇನ್ನೇನು ಸಿಕ್ತದೆ?"

ನಾನು ರಾಗಿ ಚೀಲದ ಸಮೇತ ಬೀದಿಯಲ್ಲೇ ನಿಂತುಬಿಟ್ಟೆ. ಸಾಲ ಕೇಳುವವರೇ ಇಲ್ಲದ ಕಾಲದಲ್ಲಿ ದುಡ್ಡೂ ಹಸುವಿನಂತೆ ಬತ್ತುತ್ತದೆ. ಆಗ ಅದನ್ನು ಇಟ್ಟುಕೊಂಡವರಿಗೆ ನಾವೇ ಕೊಡಬೇಕು. ವರ್ಷವಿಡೀ ಮೇಷ್ಟ್ರು ಬೋರ್ಡು ತುಂಬ ಬರೆದದ್ದು ಇಷ್ಟೇ. ಮದುವೆ ಊಟಕ್ಕೆ ಕೂತಾಗಲೂ ಎಲೆಯ ಅಂಚಿನಲ್ಲಿ ಬೆರಳಿನಿಂದ ಸೂತ್ರ ಗೀಚುತ್ತಿದ್ದೆ. ಚಿಕ್ಕಮ್ಮ ಉಪ್ಪು ಬೇಕೇನೋ ಎಂದುಕೊಂಡು ಎರಡು ಸಲ ಬಡಿಸಿದಳು.

ಬರವಣಿಗೆಯ ಪರೀಕ್ಷೆ ಪರವಾಗಿಲ್ಲ ಎನ್ನುವಂತೆ ಮುಗಿಯಿತು. ಮಾರನೆಯ ದಿನ ವೈವಾ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು: ಇಟ್ಟವರೇ ಬ್ಯಾಂಕಿಗೆ ಕೊಡಬೇಕಿದ್ದರೆ, ಜನ ದುಡ್ಡನ್ನು ಮನೆಯಲ್ಲೇ ಏಕೆ ಇಟ್ಟುಕೊಳ್ಳಲಿಲ್ಲ? ನನ್ನ ಇಂಗ್ಲಿಷೆಲ್ಲ ಎತ್ತಲೋ ಓಡಿಹೋಯಿತು. "ಮನೆಗೆ ಬೀಗ ಹಾಕಂಡು ಹೋದ್ರೆ ಹಸುನ ಯಾರು ನೋಡ್ಕತಾರೆ ಸಾ?" ಅಂದುಬಿಟ್ಟೆ.

ನಮ್ಮ ಮೇಷ್ಟ್ರು ತಲೆ ತಗ್ಗಿಸಿದರು. ಮುಗಿಯಿತು ನನ್ನ ಕಥೆ, ಇನ್ನು ತಾಂಡ್ಯವೇ ಗತಿ ಎಂದುಕೊಂಡೆ. ಆದರೆ ಪರೀಕ್ಷಕರು ಕನ್ನಡದಲ್ಲೇ "ಯಾವ ಹಸು?" ಎಂದರು. ಎಲ್ಲ ಹೇಳಿದೆ. ಮನೆಯಲ್ಲಿಟ್ಟರೂ ಕಾಯುವ ಖರ್ಚು ಇದ್ದೇ ಇದೆ, ಬ್ಯಾಂಕು ಕೇಳುವುದು ಅದಕ್ಕಿಂತ ಕಡಿಮೆ ಇರುವವರೆಗೆ ಜನ ಅಲ್ಲೇ ಬಿಡುತ್ತಾರೆ ಎಂದು ಬೋರ್ಡಿನ ಮೇಲೆ ಬರೆದೂ ತೋರಿಸಿದೆ. ಅವರು ಅಂಕದ ಹಾಳೆಯನ್ನು ಹತ್ತಿರ ಎಳೆದುಕೊಂಡರು.

ಫಲಿತಾಂಶ ಬಂದಾಗ ಅಪ್ಪ ಶಿಫ್ಟಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದ. ಪಾಸು ಎಂದೆ. ಅವನು ಒಂದೇ ಶೂನಲ್ಲಿ ಎದ್ದು ನಿಂತು ಸೂಪರ್‌ವೈಸರಿಗೆ ಫೋನು ಹಚ್ಚಿದ.

"ಬೇಜಾರ್ ಮಾಡ್ಕಬ್ಯಾಡಿ ಸಾ, ನಮ್ಮುಡ್ಗಿ ಕೆಲ್ಸಕ್ಕೆ ಬರಕಿಲ್ಲ."

ಬೇರೆಲ್ಲಾದರೂ ಕೆಲಸ ಸಿಕ್ಕಿತೇ ಎಂದು ಅತ್ತಲಿಂದ ಅವರು ಕೇಳಿರಬೇಕು.

"ಇಲ್ಲ ಸಾ," ಎಂದ ಅಪ್ಪ, "ಓದ್ತಾವ್ಳೆ."